ಸಾವಕಾರರ ಕಂಠಕ್ಕೆ ಕಲಾಯಿ

ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ನನ್ನ ಭಾಂಡೆ-ಪಾತ್ರೆಗಳ ಅಂಗಡಿ. ಅದರ ಪಕ್ಕದ ಖೋಲಿಯಲ್ಲಿ ವೀರಭದ್ರನ ಹಾಡು ಮುದ್ರಿಸುವ ಸ್ಟುಡಿಯೊ ಇತ್ತು. ಊರಿನ ಏಕೈಕ ಪ್ರಾಮಾಣಿಕ ಸ್ಟುಡಿಯೊ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹಾಡಿನ ಅಪಸ್ವರ ತಿದ್ದುವ ಸಾಫ್ಟ್‌ವೇರನ್ನು ಉಳಿದವರೆಲ್ಲ ಕದ್ದು ಹಾಕಿಕೊಂಡರೆ, ಇವನು ಅಪ್ಪನ ಹಾರ್ಮೋನಿಯಂ ಮಾರಿ ಪರದೇಶದ ಕಂಪನಿಗೆ ರೊಕ್ಕ ಕಟ್ಟಿ ಕೊಂಡಿದ್ದ. ಒಮ್ಮೆ ಕೊಂಡರೆ ಜೀವಮಾನಪೂರ್ತಿ ನಿಮ್ಮದೇ ಎಂದು ಕಂಪನಿ ಬರೆದುಕೊಟ್ಟಿತ್ತು. ಆ ರಸೀದಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ದಸರೆಯಲ್ಲಿ ಮೈಕು, ಕಂಪ್ಯೂಟರಿನ ಜೊತೆ ರಸೀದಿಗೂ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದ. ಅಂಥ ಗಿರಾಕಿ ನನಗೊಬ್ಬ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ನನ್ನ ಅಂಗಡಿಯೂ ಅವನ ಖೋಲಿಯೂ ಮಹಾರುದ್ರಪ್ಪ ಸಾವಕಾರರವು. ನಾನು ಬಾಡಿಗೆ ಕೊಡುತ್ತೇನೆ. ವೀರಭದ್ರ ಕೊಡುತ್ತಿರಲಿಲ್ಲ. ಬದಲಿಗೆ ಪ್ರತಿ ಹುಣ್ಣಿಮೆಗೆ ಸಾವಕಾರರು ಹಾಡಿದ ಒಂದು ವಚನವನ್ನು ಮುದ್ರಿಸಿಕೊಡುತ್ತಿದ್ದ. ಸಾವಕಾರರು ಅದನ್ನು ತಮ್ಮ ಕಬ್ಬಿನ ಗದ್ದೆಯ ಆಳುಗಳಿಂದ ಹಿಡಿದು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ನಿರ್ದೇಶಕರವರೆಗೆ ಎಲ್ಲರ ಮೊಬೈಲಿಗೆ ಕಳಿಸುತ್ತಿದ್ದರು. ಎಲ್ಲರೂ ಕೈ ಮುಗಿದ ಚಿತ್ರ ಒತ್ತಿ ಕೃತಾರ್ಥರಾಗುತ್ತಿದ್ದರು.

ಸಾವಕಾರರ ನಿಜವಾದ ದನಿ ನನಗೆ ಗೊತ್ತು, ನಡುವೆ ಇರುವುದು ತೆಳ್ಳನೆಯ ಗೋಡೆ. ಅಟ್ಟದಿಂದ ಸ್ಟೀಲ್ ಪರಾತ ಬಿದ್ದರೆ ಒಂದು ಸದ್ದು ಬರುತ್ತದೆ, ಪರಾತ ನಿಲ್ಲುವ ಮೊದಲು ಸುತ್ತು ಹೊಡೆಯುತ್ತ ಇನ್ನೊಂದು ಬರುತ್ತದೆ. ಸಾವಕಾರರಲ್ಲಿ ಎರಡೂ ಒಟ್ಟಿಗೆ ಬರುತ್ತಿದ್ದವು. ಆದರೆ ಮೊಬೈಲಿನಲ್ಲಿ ಕೇಳುವಾಗ ಜೇನು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದಂತೆ ವೀರಭದ್ರ ಆ ದನಿಯ ಮೇಲೆ ಒಂದು ಹೊಳಪು ಬಳಿದು ಕೊಡುತ್ತಿದ್ದ.

ಮೊದಲ ಮುದ್ರಣದ ದಿನವೇ ಸಾವಕಾರರು ಕೇಳಿದ್ದರು: "ತಮ್ಮಾ, ಇದರಾಗ ಮಷೀನಿನ ಕೆಲಸ ಎಷ್ಟದ?"

ಆಗಿನ್ನೂ ಮನೆಯಲ್ಲೇ ಮುದ್ರಿಸುತ್ತಿದ್ದ ವೀರಭದ್ರನ ಕಣ್ಣು ಖಾಲಿ ಬಿದ್ದಿದ್ದ ಈ ಖೋಲಿಯ ಮೇಲಿತ್ತು. "ಏನೂ ಇಲ್ರಿ ಸಾವಕಾರ್ರ. ಮ್ಯಾಲಿನ ಧೂಳ ಒರಸೇನಿ, ಅಷ್ಟ. ಕಂಠ ನಿಮ್ಮದೇ ಅದ."

ಆ ಒಂದು ಮಾತಿಗೆ ಖೋಲಿಯ ಕೀಲಿ ಸಿಕ್ಕಿತು. ಪ್ರತಿ ಹುಣ್ಣಿಮೆಗೂ ಅದೇ ಮಾತು ಹೇಳಿ ಖೋಲಿ ಉಳಿಸಿಕೊಂಡ. ಸಾವಕಾರರ ಹೆಂಡತಿ ಪಾರ್ವತಿಬಾಯಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಗಂಡ ಬಚ್ಚಲಲ್ಲಿ ಹಾಡಲು ಶುರು ಮಾಡಿದರೆ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚುವುದು ಆ ಅಮ್ಮನ ರೂಢಿ. ವರ್ಷಕ್ಕೆ ಒಂದು ಮಿಕ್ಸರ್ ನನ್ನಲ್ಲೇ ಕೊಳ್ಳುತ್ತಾರೆ.

ಕಳೆದ ಮಳೆಗಾಲ ಸಿಡಿಲು ಬಡಿದು ವೀರಭದ್ರನ ಕಂಪ್ಯೂಟರು ಸುಟ್ಟಿತು. ಸಾಲ ಮಾಡಿ ಹೊಸದು ತಂದ. ಅದರಲ್ಲಿ ಸಾಫ್ಟ್‌ವೇರ್ ತೆರೆಯಲಿಲ್ಲ. ಕಂಪನಿಗೆ ಬರೆದ. ಉತ್ತರ ಬಂದ ದಿನ ಮೊಬೈಲು ಹಿಡಿದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಬಂದು ಕೂತ.

"ಕಾಕಾ, ಹಳೇ ಗಿರಾಕಿಗಿ ಅರ್ಧ ರೇಟಿನಾಗ ಹೊಸಾದು ಕೊಡ್ತೀವಿ ಅಂತ ಬರದಾರ್ರಿ."

"ಮತ್ತೇನು? ನೀ ಹಳಬ ಅಲ್ಲೇನು?"

"ನಾ ಭಾಳ ಹಳಬ ಅಂತ್ರಿ. ಹೋದ ವರ್ಷ ತಗೊಂಡ ಹಳಬರಿಗಿ ಮಾತ್ರ ರಿಯಾಯತಿ. ನಾ ಹೊಸಬರಂಗ ಪೂರಾ ರೊಕ್ಕ ಕಟ್ಟಬೇಕಂತ."

ನಾನು ಒರೆಸುತ್ತಿದ್ದ ತಂಬಿಗೆ ಕೆಳಗಿಟ್ಟೆ. ವ್ಯಾಪಾರದಲ್ಲಿ ತಲೆ ನರೆತರೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲವಲ್ಲ ಎಂದು ಸಂಕಟವಾಯಿತು.

"ಅಲ್ಲೋ, ಜೀವಮಾನದ್ದು ಅಂತಿದ್ದಿ?"

"ಈಗೂ ಅದು ನಂದೇ ಅಂತ್ರಿ. ಖರೆ, ಹೊಸ ಕಂಪ್ಯೂಟರಿನಾಗ ತೆರಿಯಾಕ ಅವರು ನಂಬರ್ ಕೊಡಬೇಕು. ಹಳೇದಕ್ಕ ನಂಬರ್ ಕೊಡೋದು ಬಂದ್ ಮಾಡ್ಯಾರಂತ."

"ಅಂದ್ರ ಕೊಡ ನಿಂದು, ಅದರ ಬಾಯಿ ಅವರದು."

"ಕಡೀಗಿ ಏನ್ ಬರದಾರ ಗೊತ್ತೇನ್ರಿ? ನಿಮ್ಮಂಥ ನಿಷ್ಠಾವಂತ ಗಿರಾಕಿನೇ ನಮ್ಮ ಆಸ್ತಿ ಅಂತ."

"ಅದರಾಗ ಸುಳ್ಳೇನಿಲ್ಲ ಬಿಡು," ಎಂದೆ.

ಪೂರಾ ರೊಕ್ಕ ಅವನ ಕೈಯಲ್ಲಿರಲಿಲ್ಲ, ಇನ್ನು ಸಾಲ ಕೊಡುವವರೂ ಇರಲಿಲ್ಲ. ಅತ್ತ ಹಳ್ಳಿಖೇಡದ ಗಂಡಿನ ಜೊತೆ ಸಾವಕಾರರ ಮಗಳು ಪೂನಂಳ ಲಗ್ನ ಮಾಣಿಕನಗರದಲ್ಲಿ ನಿಶ್ಚಯವಾಗಿತ್ತು. ಅಕ್ಷತೆ ಬೀಳುವ ಹೊತ್ತಿಗೆ ತಂದೆಯ ದನಿಯಲ್ಲೇ ವಚನ ಮೊಳಗಬೇಕೆಂದು ಸಾವಕಾರರ ಹಟ. ನಾನು ದಾರಿ ತೋರಿಸಿದೆ.

"ಸಾವಕಾರರಿಗೇ ಕೇಳು. ಲಗ್ನದ ಖರ್ಚಿನಾಗ ಇದೊಂದು."

"ಏನಂತ ಕೇಳಲ್ರಿ ಕಾಕಾ? ನಿಮ್ಮ ಕಂಠ ರಿಪೇರಿಗಿ ರೊಕ್ಕ ಬೇಕಾಗ್ಯಾವ ಅಂತನಾ?"

"ಹಂಗಾದ್ರ ಹುಮನಾಬಾದಿನಾಗ ಸ್ಟುಡಿಯೊ ಇಟ್ಟಾನಲ್ಲ ಪಂಡರಿ, ಅವನ ಹಂತೇಕ ಕದ್ದದ್ದು ಅದ. ಅದೂ ಹೊಸಾದು. ತಂದು ಹಾಕೋ."

ವೀರಭದ್ರ ಸೆಟೆದು ನಿಂತ. "ನಾ ರೊಕ್ಕ ಕೊಟ್ಟು ತಗೊಂಡಾಂವ ಅದೀನ್ರಿ." ಖೋಲಿಗೆ ಹೋಗಿ ರಸೀದಿಯ ಗಾಜು ಒರೆಸಿದ. ಕಂಪನಿಗೆ ಇನ್ನೂ ಒಂದು ವಿನಂತಿ ಬರೆದ. ಈ ಸಲ ಮನುಷ್ಯನೂ ಉತ್ತರಿಸಲಿಲ್ಲ, ಯಂತ್ರವೇ ಧನ್ಯವಾದ ಹೇಳಿತು.

ಮುದ್ರಣದ ದಿನ ಸಾವಕಾರರು ರೇಷ್ಮೆ ಶಲ್ಯ ಹೊದ್ದು ಬಂದರು. ಹಾಡಿದರು. ವೀರಭದ್ರ ತಬಲಾ ಜೋರು ಮಾಡಿದ, ಗುಡಿಯೊಳಗೆ ಹಾಡಿದಂತೆ ಪ್ರತಿಧ್ವನಿ ಸುರಿದ. ಎಷ್ಟು ಮಸಾಲೆ ಹಾಕಿದರೂ ಹಳಸಿದ್ದು ಹಳಸಿದ್ದೇ. ಹಾಡು ಹಚ್ಚಿದಾಗ ನನ್ನ ಅಂಗಡಿಯಲ್ಲಿದ್ದ ಗಿರಾಕಿ ಯಾವ ಪಾತ್ರೆ ಬಿತ್ತೆಂದು ಮೇಲೆ ನೋಡಿದ.

ಗೋಡೆಯಾಚೆ ಹಾಡು ನಿಂತಿತು.

"ಇದು ಯಾರ ದನಿಯೋ?" ಸಾವಕಾರರು ಕೇಳಿದರು.

"ನಿಮ್ಮದೇ ರಿ."

"ನಂದು? ಇಷ್ಟು ವರ್ಷ ನನ್ನ ದನಿ ನಾ ಕೇಳಿಲ್ಲೇನು? ಹಾಳು ಮಷೀನ್ ತಂದು ನನ್ನ ಕಂಠ ಕೆಡಿಸಿದಿಯಲ್ಲೋ!"

ಅದೇ ಮಧ್ಯಾಹ್ನ ಸಾವಕಾರರ ಗಾಡಿ ಹುಮನಾಬಾದಿಗೆ ಹೋಯಿತು. ಪಂಡರಿ ಕದ್ದ ಸಾಫ್ಟ್‌ವೇರಿನಲ್ಲಿ ನಾಲ್ಕು ಗುಂಡಿ ಒತ್ತಿ ಕೊಟ್ಟ. ಮರುದಿನ ಸಾವಕಾರರು ಹೆಂಡತಿಯ ಜೊತೆ ನನ್ನ ಅಂಗಡಿಗೆ ಬಂದರು, ಪಾರ್ವತಿಬಾಯಿಗೆ ಲಗ್ನದ ಆಹೇರಿ-ಉಡುಗೊರೆಗೆ ಪಾತ್ರೆ ಬೇಕಿತ್ತು. ಸಾವಕಾರರು ವೀರಭದ್ರನನ್ನು ಹೊರಗೆ ಕರೆದು, ಕಟ್ಟೆಯ ಮೇಲೆ ನಿಂತು ಮೊಬೈಲು ಹಚ್ಚಿದರು. ಜೇನು ಸುರಿಯಿತು.

"ಕೇಳಿದೇನು? ಮಷೀನ್ ಚಲೋ ಇದ್ರ ಕಂಠ ಇದ್ದಂಗ ಬರ್ತದ. ಅಮಾಸಿ ಒಳಗ ಖೋಲಿ ಖಾಲಿ ಮಾಡು. ಪಂಡರಿ ಇಲ್ಲೊಂದು ಶಾಖೆ ಹಚ್ಚತಾನಂತ, ಬಾಡಿಗಿನೂ ಕೊಡ್ತಾನಂತ."

ಖೋಲಿ ಹೋಗುವುದು ಕಂಡಾಗ ವೀರಭದ್ರನಿಗೆ ಸತ್ಯ ನೆನಪಾಯಿತು. ಅದನ್ನು ನಾಲ್ಕು ಮಂದಿಯ ಎದುರಿಗೇ ಬಿಚ್ಚಿದ.

"ಸಾವಕಾರ್ರ, ತಪ್ಪಾಗ್ಯದ್ರಿ. ಮೊದಲಿಂದ ನಾನೂ ತಿದ್ದೇ ಕೊಡ್ತಿದ್ದೆ. ಪಂಡರಿನೂ ತಿದ್ಯಾನ. ನಿನ್ನಿ ನೀವು ಕೇಳಿದ್ದೇ ಖರೆ ದನಿ ರಿ."

ಕಟ್ಟೆಯ ಮೇಲಿದ್ದವರು ನೆಲ ನೋಡಿದರು. ನಾನು ತಕ್ಕಡಿಯನ್ನು ನೋಡಿದೆ. ಸಾವಕಾರರು ಸಿಟ್ಟಿಗೇಳಲಿಲ್ಲ, ನಕ್ಕರು.

"ಏನೇ ಇವಳೇ, ಕೇಳಿದೇನು? ದಿನಾ ಮನ್ಯಾಗ ಕೇಳಾಕಿ ನೀ. ಹೇಳು, ನನ್ನ ದನಿ ಹ್ಯಾಂಗದ?"

ಪಾರ್ವತಿಬಾಯಿ ಒಂದು ಸೌಟು ಆರಿಸಿ ಬದಿಗಿಟ್ಟರು. ಇನ್ನೊಂದನ್ನು ಬೆಳಕಿಗೆ ಹಿಡಿದರು. ವೀರಭದ್ರ ಆ ಅಮ್ಮನ ಬಾಯಿಯನ್ನೇ ನೋಡುತ್ತಿದ್ದ.

"ಚಲೋ ಅದ್ರಿ," ಎಂದರು. ಆಮೇಲೆ ಅವನ ಕಡೆ ತಿರುಗಿ, "ಖೋಲಿ ಬಿಡೋ ಹೊತ್ತಿನಾಗ ಇಂಥಾ ಮಾತು ಆಡಬಾರ್ದು ತಮ್ಮಾ. ಅನ್ನ ಹಾಕಿದವರು ಅವರು," ಎಂದು ಸೇರಿಸಿ, ಒಂದು ಮಿಕ್ಸರನ್ನೂ ಕಟ್ಟಲು ಹೇಳಿದರು.

ಲಗ್ನದಲ್ಲಿ ವೀರಭದ್ರನೂ ಇದ್ದ. ಶಾಮಿಯಾನದವನು ದಿನಗೂಲಿಗೆ ಕರೆತಂದು ಸ್ಪೀಕರುಗಳ ಹಿಂದೆ ಕೂರಿಸಿದ್ದ. ಅಕ್ಷತೆಯ ಹೊತ್ತಿಗೆ ಸಾವಕಾರರು ಕೈ ಸನ್ನೆ ಮಾಡಿ ಜೋರು ಮಾಡು ಎಂದರು. ಮಾಡಿದ. ಹಳ್ಳಿಖೇಡದ ಬೀಗರು ಕಣ್ಣೊರೆಸಿಕೊಂಡರು.

ಪಂಡರಿಯ ಶಾಖೆ ಬರಲಿಲ್ಲ. ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಅವನು ಹುಮನಾಬಾದಿನಲ್ಲೇ ಉಳಿದ. ಖೋಲಿಯನ್ನು ನಾನೇ ಹಿಡಿದು ಬಕೆಟ್ಟು, ಕೊಡಪಾನ ತುಂಬಿದ್ದೇನೆ. ಬಿಟ್ಟುಹೋಗುವಾಗ ವೀರಭದ್ರ ಎಲ್ಲ ಒಯ್ದ, ರಸೀದಿಯ ಗಾಜಿನ ಕಟ್ಟನ್ನು ಮಾತ್ರ ಗೋಡೆಯಲ್ಲೇ ಬಿಟ್ಟ.

"ಕಾಕಾ, ಒಗಿಬ್ಯಾಡ್ರಿ. ಜೀವಮಾನದ್ದದ," ಎಂದ.

ಒಗೆದಿಲ್ಲ. ಗಾಜು ಒಳ್ಳೆಯದಿತ್ತು. ಒಳಗಿನ ಕಾಗದ ತೆಗೆದು, ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಅಂಗಡಿಯ ಮುಂದೆ ತೂಗುಹಾಕಿದ್ದೇನೆ.