ಮಿಚಿಕೊ, ಮೌಲಾಸಾಬ ಮತ್ತು ನನ್ನ ಸಿಟ್ಟು

ಸಿಟ್ಟು ನನಗೆ ನೌಕರಿಯ ಜೊತೆಗೇ ಮಂಜೂರಾದದ್ದು. ಅಫಜಲಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸುವಾಗ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಈಗ ಪಿಂಚಣಿಯ ಕಾಲಕ್ಕೆ ಪೇಪರು, ಬಸ್ಸು, ಆರಿದ ಚಹಾ, ಯಾವುದು ಸಿಕ್ಕರೂ ಸರಿ. ಆದರೆ ಹೋದ ವರ್ಷ ಹೈದರಾಬಾದಿನಲ್ಲಿ ಬಂದ ಸಿಟ್ಟಿನ ದರ್ಜೆಯೇ ಬೇರೆ.

ಮಿಚಿಕೊ ಎಂಬ ಜಪಾನಿ ಹೆಣ್ಣುಮಗಳು ಭೀಮಾ ದಂಡೆಯ ಮಣ್ಣೂರಿಗೆ ಬಂದಿದ್ದರು. ಶಾಲೆಯ ಬೆಂಚು ಮಾಡುವ ಕಾರ್ಖಾನೆಯಲ್ಲಿ ಕೆಲಸ ಶುರು ಮಾಡಿ, ತಮ್ಮದೇ ಕುರ್ಚಿಗಳಿಂದ ಹೆಸರು ಗಳಿಸಿ, ಐವತ್ತರ ಹೊತ್ತಿಗೆ ಕೂರುವ ಸಾಮಾನುಗಳನ್ನು ಯಾರೂ ಕೂರದಂತೆ ದೊಡ್ಡ ಸಭಾಂಗಣಗಳಲ್ಲಿ ತೂಗುಹಾಕುವ ಕಲಾವಿದೆಯಾದವರು. ಇದೂ ಒಂದು ಬಡ್ತಿಯೇ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಅವರಿಗೆ ಬೇಕಾಗಿದ್ದು ಹೊರಸು, ಅಂದರೆ ನಮ್ಮ ಹಗ್ಗದ ಮಂಚ. ಅದನ್ನು ಮಾಡುವವರು ಬಡಿಗ ಮೌಲಾಸಾಬ. ನಾನು ಇಬ್ಬರ ನಡುವಿನ ದುಭಾಷಿ. ಮೂರು ವಾರ ಮಿಚಿಕೊ ಮೌಲಾಸಾಬರ ಅಂಗಳದಲ್ಲಿ ಕೂತು ಜಾಲಿ ಕಟ್ಟಿಗೆಗೆ ಉಳಿ ಹಿಡಿದರು, ಹಗ್ಗ ಹೆಣೆದರು. ಇಬ್ಬರ ಕೈಗಳೂ ಮಾತಾಡುವಂಥವು. ಎರಡನೆಯ ದಿನದಿಂದ ನನಗೆ ಕೆಲಸವೇ ಇರಲಿಲ್ಲ. ಹನ್ನೆರಡು ಹೊರಸು ಲಾರಿ ಹತ್ತಿದವು.

ಹೈದರಾಬಾದಿನ ಪ್ರದರ್ಶನಕ್ಕೆ ನಾನೂ ಮೌಲಾಸಾಬರೂ ಹೋದೆವು. ಎತ್ತರದ ಛಾವಣಿಯಿಂದ ಹೊರಸುಗಳು ಮೆಟ್ಟಿಲಿನಂತೆ ಇಳಿದಿದ್ದವು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಎಲ್ಲಕ್ಕಿಂತ ಕೆಳಗಿದ್ದುದರ ಹಗ್ಗಕ್ಕೆ ಮೌಲಾಸಾಬರು ಕೈ ಹಾಕಿದರು. ಕಾವಲಿನವನು ಓಡಿಬಂದು, “ಹಾತ್ ನಕ್ಕೋ ಲಗಾವ್!” ಎಂದು ಅವರ ತೋಳು ಹಿಡಿದು ಎಳೆದ.

ಮಾಡಿದವನೇ ಮುಟ್ಟಬಾರದಂತೆ! ನನ್ನ ಮೈ ಉರಿಯಿತು. ಗೋಡೆಯ ಫಲಕ ಓದಿದೆ. ಮೇಲೆ ದಪ್ಪಕ್ಷರದಲ್ಲಿ ಮಿಚಿಕೊ. ಕೆಳಗೆ, ‘ಸ್ಥಳೀಯ ಕುಶಲಕರ್ಮಿಗಳ ನೆರವಿನಿಂದ’. ಬಸವ ಜಯಂತಿಗೆ ಮೂವತ್ತು ವರ್ಷ ಕಾಯಕದ ಮೇಲೆ ಭಾಷಣ ಬಿಗಿದ ಬಾಯಿ ನನ್ನದು, ಸುಮ್ಮನಿರುತ್ತದೆಯೆ? ನೆಟ್ಟಗೆ ಮಿಚಿಕೊ ಮುಂದೆ ಹೋಗಿ ನಿಂತು, ಇನ್ನೊಬ್ಬರ ದುಡಿಮೆಯನ್ನು ತಮ್ಮ ಹೆಸರಿಗೆ ಬರೆದುಕೊಳ್ಳುವವರ ಕುಲಕೋಟಿಯನ್ನೇ ಇಂಗ್ಲಿಷಿನಲ್ಲಿ ಝಾಡಿಸಿದೆ.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ಈ ಬರಹ ನೀವೇ ಕಳಿಸಿದ್ದು. ಮಾಡಿದವರ ಹೆಸರು ಬರೆಯಿರಿ ಎಂದಿದ್ದೆ. ನೀವು ಬರೆಯಲಿಲ್ಲ, ಅವರಿಗೇ ಬೇಡವೇನೋ ಅಂದುಕೊಂಡೆ. ಕೇಳಬೇಕಿತ್ತು, ನನ್ನದೂ ತಪ್ಪು,” ಎಂದರು.

ಹೌದು. ಬರೆದು ಕಳಿಸಿ ಮರೆತೇಬಿಟ್ಟಿದ್ದೆ. ಓದಲು ಗಂಭೀರವಾಗಿರಲಿ ಎಂದು ಆ ‘ಸ್ಥಳೀಯ ಕುಶಲಕರ್ಮಿ’ಯನ್ನು ತಂದು ಕೂರಿಸಿದವನು ನಾನೇ. ಫಲಕದ ತಳದಲ್ಲಿ ‘ಪರಿಚಯ ಬರಹ’ ಎಂದು ನನ್ನ ಹೆಸರು ಮಾತ್ರ ಇನಿಷಿಯಲ್ ಸಮೇತ ಇತ್ತು.

ಮಿಚಿಕೊ ಆ ಕ್ಷಣವೇ ಹೊಸ ಫಲಕಕ್ಕೆ ಹೇಳಿದರು. ಮೌಲಾಸಾಬರಿಗೆ ನಾನು ಸಂಕೋಚದಿಂದ ವಿಷಯ ತಿಳಿಸಿದರೆ ಅವರು ನನ್ನ ಮೇಲೇ ಹರಿಹಾಯ್ದರು: “ಹೆಸರ ಆಮ್ಯಾಲ ಹಾಕೀರಂತ ಮಾಸ್ತರ, ಮೊದಲ ಆ ಹೊರಸ ಇಳಸ್ರಿ! ಲಾರ್ಯಾಗ ಹಗ್ಗ ಸಡ್ಲ ಆಗ್ಯಾದ. ಜೋತಬಿದ್ದ ಹೊರಸಿಗೆ ನನ್ನ ಹೆಸರ ಹಾಕಿ ಮರ್ಯಾದಿ ತೆಗೀತೀರೇನ್ರಿ?”

ಇದನ್ನು ಮಿಚಿಕೊಗೆ ಹೇಳಿದೆ. ಅವರು ಹೊರಸು ಇಳಿಸಿ, ಚಪ್ಪಲಿ ಬಿಟ್ಟು ನೆಲಕ್ಕೆ ಕೂತು ಹಗ್ಗದ ಒಂದು ತುದಿ ಹಿಡಿದರು. ಇನ್ನೊಂದು ತುದಿಯಿಂದ ಮೌಲಾಸಾಬರು ಎಳೆದರು. ಅಲುಗದಂತೆ ಹೊರಸಿನ ಕಾಲು ಹಿಡಿದವನು ಅದೇ ಕಾವಲಿನವನು. ಹೆಸರು ಸಂಜೆಯೊಳಗೆ ಗೋಡೆಗೆ ಬಂತು.

ಅಂದಿನಿಂದ ಸಿಟ್ಟು ಬಂದಾಗಲೆಲ್ಲ, ಈ ಕೆಡುಕಿನ ತಳದಲ್ಲಿ ಸಹಿ ಯಾರದಿದೆ ಎಂದು ಮೊದಲು ನೋಡುತ್ತೇನೆ. ಅರ್ಧ ಸಲ ನನ್ನದೇ ಇರುತ್ತದೆ. ಉಳಿದರ್ಧಕ್ಕೆ, ಖಂಡಿತ, ಹೋಗಿ ಬೈದೇ ಬರುತ್ತೇನೆ.