ಕಾರಣ ಸಿಗದ ಕಾಮಾಲೆ

ಸಾಲಿಗ್ರಾಮದಲ್ಲಿ ಹೋಟೆಲ್ ನಡೆಸುವ ನನಗೆ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳೆಸತೊಡಗಿತು. ಮೂತ್ರ ಕಡು ಹಳದಿ. ಮೈಯಲ್ಲಿ ಕಸುವಿಲ್ಲ. ಸೆಕೆಗೆ ಹೀಗೆ ಎಂದುಕೊಂಡೆ. ಹೆಂಡತಿ ಗಿರಿಜೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಕಣ್ಣ್ ಹಳ್ದಿ ಆಯ್ತಲೆ! ಖರೆ ಹೇಳಿ ಕಾಂಬ, ಗುಟ್ಟಲ್ಲ್ ಕುಡಿತ್ರ್ಯಾ?"

ನಾನು ಕುಡಿಯುವವನಲ್ಲ.

ಆದರೆ ಅವಳ ಅಪ್ಪ ಕುಡಿದೇ ಹೋದವರು. ಕೊನೆಗಾಲದಲ್ಲಿ ಅವರಿಗೂ ಹೀಗೇ ಕಣ್ಣು ಹಳದಿಯಾಗಿತ್ತು. ನನ್ನ ಕಣ್ಣು ಕಂಡ ಅಂದಿನಿಂದ, ನಾನು ಮನೆಗೆ ಬಂದೊಡನೆ ಗಿರಿಜೆ ನೀರು ಕೊಡುವ ನೆಪದಲ್ಲಿ ನನ್ನ ಉಸಿರು ಮೂಸುತ್ತಿದ್ದಳು.

ಉಡುಪಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ, ಲಿವರಿನ ತೊಂದರೆ ತೋರಿಸುವ ಎಸ್‌ಜಿಪಿಟಿ ಬಹಳ ಏರಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲವೂ ನೆಗೆಟಿವ್. ಮೊಬೈಲಿನಲ್ಲಿ ಹುಡುಕಿದಾಗ 'ಹೆಪಟೈಟಿಸ್ ಜಿ', 'ಟಿಟಿ ವೈರಸ್' ಎಂಬ ಹೆಸರುಗಳು ಕಂಡವು. ರಕ್ತದ ಮೂಲಕವೂ ಬರುತ್ತವಂತೆ. ಹಿಂದೊಮ್ಮೆ ಅಪಘಾತವಾದಾಗ ನನಗೆ ರಕ್ತ ಹಾಕಿದ್ದರು. ಸದ್ಯ, ಕಳ್ಳ ಸಿಕ್ಕಿದ ಎಂದುಕೊಂಡು ಡಾಕ್ಟರಿಗೆ ಹೇಳಿದೆ.

"ಆ ವೈರಸ್‌ಗಳು ಆರೋಗ್ಯವಾಗಿರೋರ ರಕ್ತದಲ್ಲೂ ಇರ್ತವೆ. ನಿಮ್ಮಲ್ಲಿ ಸಿಕ್ಕರೂ ಲಿವರಿಗೆ ತೊಂದರೆ ಮಾಡಿದ್ದು ಅದೇ ಅಂತ ಹೇಳೋಕಾಗಲ್ಲ. ಅದಕ್ಕೇ ಆ ಟೆಸ್ಟ್ ಬರೆಯಲ್ಲ."

"ಹಂಗಾರೆ ಕುಡ್ದದ್ದಾ, ಡಾಕ್ಟ್ರೆ?" ಗಿರಿಜೆ ಕೇಳಿಯೇಬಿಟ್ಟಳು.

"ಹಾಗೆ ಕಾಣಲ್ಲ."

'ಕಾಣಲ್ಲ' ಎಂದರು. 'ಅಲ್ಲ' ಎನ್ನಲಿಲ್ಲ.

ಬಸ್ಸಿನಲ್ಲಿ ಗಿರಿಜೆ ಕಿಟಕಿಯಾಚೆ ನೋಡುತ್ತ ಕೂತಳು. ನನಗೆ ಡಾಕ್ಟರ ಮೇಲೂ ಅನುಮಾನ ಹುಟ್ಟಿತು. ಏನನ್ನೋ ಮುಚ್ಚಿಡುತ್ತಿದ್ದಾರೆಯೇ? ರಕ್ತ ಕೊಟ್ಟ ಆ ಅಪರಿಚಿತ ಯಾರಿರಬಹುದು? ಕಾರಣ ತಿಳಿಯದ ಕಾಯಿಲೆಯಲ್ಲಿ ಮನಸ್ಸು ಸುಮ್ಮನಿರದೆ ಯಾರ ಮೇಲಾದರೂ ತಪ್ಪು ಹೊರಿಸಲು ಹುಡುಕುತ್ತಲೇ ಇರುತ್ತದೆ. ನಾನು ಅಪರಿಚಿತನನ್ನು ಹುಡುಕುತ್ತಿದ್ದೆ, ಅವಳಿಗೆ ಪಕ್ಕದಲ್ಲೇ ನಾನಿದ್ದೆ.

ಗಂಜಿ, ವಿಶ್ರಾಂತಿ, ಮತ್ತೆ ಮತ್ತೆ ರಕ್ತಪರೀಕ್ಷೆ. ಹಳದಿ ತಾನಾಗಿ ಇಳಿಯಿತು. ಏಕೆ ಬಂತೋ, ಹೇಗೆ ಹೋಯಿತೋ.

ಹೋಟೆಲ್ ಮತ್ತೆ ತೆರೆದ ಬೆಳಿಗ್ಗೆ ಗಿರಾಕಿಯೊಬ್ಬ ಕುಡಿಯುವ ಸನ್ನೆ ಮಾಡಿ ನಗುತ್ತ ಕೇಳಿದ: "ಎಂತ ಮರಾಯ್ರೆ, ಲಾಯ್ಕ್ ಹಾಕ್ತಿದ್ರಿ ಅಂಬ್ರ್, ಹೌದಾ?"

ಗಿರಿಜೆ ದೋಸೆಯ ಸಟ್ಟುಗ ಹಿಡಿದೇ ಹೊರಬಂದಳು.

"ಹ್ವಾಯ್, ನೀವ್ ಕಂಡಿದ್ರ್ಯಾ?"

"ಇಲ್ಲೆ... ಜನ ಹೇಳುದ್..."

"ಒಟ್ಟಿಗೆ ಇಪ್ಪು ನಾನೇ ಕಂಡದ್ದಿಲ್ಲೆ. ಜನ ಎಲ್ಲ್ ಕಂಡ್ರ್?"

ಅವನು ತಟ್ಟೆಗೆ ಮುಖ ಬಗ್ಗಿಸಿದ. ಅವಳು ಒಳಗೆ ಹೋದಳು.

ಗಿರಿಜೆ ನನ್ನನ್ನು ಪೂರ್ತಿ ನಂಬಿದ್ದಾಳೋ ಇಲ್ಲವೋ, ನಾನು ಕೇಳಿಲ್ಲ. ನಾಲ್ಕು ಜನರ ಮುಂದೆ ನನ್ನ ಪರ ನಿಂತಳು. ಸದ್ಯಕ್ಕೆ ನನಗೆ ಅಷ್ಟು ಸಾಕು.