ಲಿಂಗ ಕಂಡಿತು, ಅಂಗೈ ಕಾಣಲಿಲ್ಲ

ಬೆಳಗಿನ ಪೂಜೆಗೆ ಕುಳಿತಿದ್ದೆ. ಲಿಂಗ ಎಡ ಅಂಗೈಯಲ್ಲಿತ್ತು. ಹಣೆಯ ವಿಭೂತಿಯ ಪುಡಿ ಉದುರಿ ಎಡಗಣ್ಣಿಗೆ ಬಿತ್ತು. ಆ ಕಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದಲೇ ನೋಡಿದೆ.

ಲಿಂಗ ಕಂಡಿತು. ಅದನ್ನು ಹಿಡಿದ ಕೈ ಕಾಣಲಿಲ್ಲ.

ಕತ್ತಲೆಯೇನೂ ಇರಲಿಲ್ಲ. ಬೆರಳುಗಳಿರಬೇಕಾದ ಕಡೆ ಮಬ್ಬು, ಅಷ್ಟೆ. ಎಡಗಣ್ಣು ತೆರೆದಾಗ ಬೆರಳುಗಳು ತಮ್ಮ ಜಾಗಕ್ಕೆ ಬಂದು ಕುಳಿತವು. ಪೂಜೆ ಮುಗಿಸಿ ರೊಟ್ಟಿ ಬಡಿಯಲು ಹೋದೆ. ಕೆಲವು ತಿಂಗಳಿಂದ ಬಲಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು, ಬಲಗಡೆ ಇಟ್ಟ ನೀರಿನ ಲೋಟ ಉರುಳುತ್ತಿತ್ತು. ಲಕ್ಷ್ಯ ಎಲ್ಲಿರತದ ನಿಂದು ಎಂದು ಮನೆಯಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಾನ್ವಿಯಲ್ಲಿ ನಮ್ಮದು ಮೂವರ ಮನೆ. ರೈಸ್ ಮಿಲ್ಲಿನ ಲೆಕ್ಕ ನೋಡುವ ನನ್ನ ಗಂಡ, ಅತ್ತೆ, ನಾನು. ಪೊರೆ ಬಂದಿರಬೇಕು ಎಂದರು ಅತ್ತೆ. ಅವರ ಪೊರೆ ತೆಗೆಸಿ ಎರಡು ವರ್ಷವಾಗಿದೆ. ಪಟ್ಟಿ ಬಿಚ್ಚಿದ ದಿನವೇ ಅವರು ಅಕ್ಕಿಯಲ್ಲಿನ ಹುಳ ಹೆಕ್ಕಿದ್ದರು.

ರಾಯಚೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಫೀಲ್ಡ್ ಟೆಸ್ಟ್ ಮಾಡಿದರು. ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಗದ್ದ ಊರಿ ಕೂರಬೇಕು. ಚುಕ್ಕೆಯಷ್ಟು ಬೆಳಕು ಕಂಡಾಗ ಗುಂಡಿ ಒತ್ತಬೇಕು. ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರ್ ಪ್ರಶ್ನೆ ಕೇಳಿದರೆ ಉತ್ತರ ಬಾರದಿದ್ದರೂ ಕೈ ಎತ್ತಿ ರೂಢಿ. ಬೆಳಕು ಬಹಳ ಹೊತ್ತು ಬಾರದಿದ್ದಾಗ ಅಂದಾಜಿನ ಮೇಲೆ ಗುಂಡಿ ಒತ್ತಿದೆ. ಟೆಸ್ಟ್ ಮಾಡುತ್ತಿದ್ದ ಹುಡುಗಿ ಯಂತ್ರ ನಿಲ್ಲಿಸಿದಳು.

“ಕಾಣಲಾರದ್ದಕ್ಕ ಒತ್ತಬ್ಯಾಡ್ರಿ ಆಂಟಿ. ಇಲ್ಲಿ ಪಾಸು ಫೇಲು ಇಲ್ಲ.”

ಎರಡನೆಯ ಸಲ ನಿಜ ಹೇಳಿದೆ. ಯಂತ್ರದಿಂದ ಕಾಗದದ ಮೇಲೆ ಬಂದ ಬಲಗಣ್ಣಿನ ಚಿತ್ರದಲ್ಲಿ ನಡುವೆ ಒಂದಿಷ್ಟು ಬಿಳಿ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿತ್ತು. ಎಡಗಣ್ಣಿನಲ್ಲಿ ಮೂಲೆಯಿಂದ ಕಪ್ಪು ಶುರುವಾಗಿತ್ತು.

ಗ್ಲಾಕೋಮಾ.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರ್ ಕೇಳಿದರು. ನನ್ನ ತವರು ಕುರ್ಡಿಯಲ್ಲಿ ನಮ್ಮಪ್ಪ ಕೊನೆಯ ವರ್ಷಗಳಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ವಯಸ್ಸಾಯಿತು ಎಂದೇ ಎಲ್ಲರೂ ತಿಳಿದಿದ್ದೆವು. ಅದನ್ನು ಹೇಳುವಾಗ ಮೇಜಿನ ಅಂಚಿನಲ್ಲಿ ಕಿತ್ತು ಬಂದ ಸನ್‌ಮೈಕಾವನ್ನೇ ನೋಡುತ್ತಿದ್ದೆ.

ಡ್ರಾಪ್ಸ್ ಹಾಕಿದೆವು. ಒಂದಾದ ಮೇಲೆ ಇನ್ನೊಂದು, ಆಮೇಲೆ ಎರಡೂ ಕೂಡಿಸಿ. ಕಣ್ಣಿನೊಳಗಿನ ಪ್ರೆಷರ್ ಇಳಿಯಲಿಲ್ಲ. ಆಪರೇಷನ್ ಎಡಗಣ್ಣಿಗೇ ಆಗಬೇಕು ಎಂದರು, ಅಂದರೆ ಕಾಣುವ ಕಣ್ಣಿಗೆ. ಅದು ಕೆಟ್ಟರೆ ನನಗೆ ಬೇರೆ ಕಣ್ಣಿಲ್ಲ. ಬಿಟ್ಟರೂ ಅದು ಉಳಿಯುವುದಿಲ್ಲ. ನನ್ನ ಗಂಡ ಎಲ್ಲ ಕೇಳಿಸಿಕೊಂಡು, ಆದ ಮೇಲೆ ಮೊದಲಿನಂಗ ಕಾಣಸ್ತದಲ್ಲರಿ ಎಂದರು.

“ಹೋದದ್ದು ಬರಂಗಿಲ್ಲರಿ,” ಎಂದರು ಡಾಕ್ಟರ್. “ಇದ್ದದ್ದು ಕಾಯ್ಕೊಳ್ಳಾಕ ಮಾಡೋದು. ನೆಲ್ಲಿನ ಗದ್ದ್ಯಾಗ ನೀರು ಹೆಚ್ಚಾದ್ರ ಬದು ಕಡಿದು ಬಿಡ್ತಾರಲ್ಲ, ಹಂಗ. ನೀರು ಹೋಗಾಕ ದಾರಿ ಮಾಡ್ತೀವಿ. ಕೊಳೆತ ಪೈರು ಹಸಿರಾಗಂಗಿಲ್ಲ.”

ಆಪರೇಷನ್ ದಿನ ಮೈಮೇಲಿನದೆಲ್ಲ ತೆಗೆಯಲು ಹೇಳಿದರು. ಬಳೆ, ಕಿವಿಯೋಲೆ, ತಾಳಿ. ಕೊರಳಲ್ಲಿ ಲಿಂಗ ಉಳಿಯಿತು. ಅದನ್ನು ಮೈಯಿಂದ ಅಗಲಿಸುವ ರೂಢಿ ನಮ್ಮಲ್ಲಿಲ್ಲ. ನರ್ಸ್ ಕಾಯುತ್ತ ನಿಂತಿದ್ದಳು. ಅತ್ತೆ ಮುಂದೆ ಬಂದು ತಾವೇ ದಾರ ಬಿಡಿಸಿ, ಲಿಂಗವನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು.

“ನೀ ಬರೂತನ ನಾ ಕೆಳಗ ಇಡಂಗಿಲ್ಲ. ಹೋಗಿ ಬಾ ಯವ್ವಾ.”

ಕಣ್ಣಿನ ಪಕ್ಕ ಇಂಜೆಕ್ಷನ್. ಮುಖದ ಮೇಲೆ ಹಸಿರು ಬಟ್ಟೆ, ಅದರಲ್ಲೊಂದು ತೂತು. ನೋವಿರಲಿಲ್ಲ, ಯಾರೋ ದೂರದಲ್ಲಿ ಬಟ್ಟೆ ಹೊಲಿಯುತ್ತಿರುವಂತೆ ದಾರ ಎಳೆದದ್ದು ಮಾತ್ರ ತಿಳಿಯುತ್ತಿತ್ತು. ಹೊರಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಹಾಗೆಯೇ ಕುಳಿತಿದ್ದರಂತೆ. ನನ್ನ ಗಂಡ ಚಹಾ ತಂದರೂ ಕುಡಿದಿರಲಿಲ್ಲ. ಕೈ ಖಾಲಿ ಇರಲಿಲ್ಲ.

ಪಕ್ಕದ ಮಂಚದಲ್ಲಿ ದೇವದುರ್ಗದ ಖಾಜಾಬಿ ಎಂಬ ಹೆಂಗಸಿದ್ದರು. ಅದೇ ದಿನ ಅವರ ಪೊರೆ ತೆಗೆದಿದ್ದರು. ಮರುದಿನ ಪಟ್ಟಿ ಬಿಚ್ಚಿದಾಗ ಗಂಡನನ್ನು ಒಂದು ಗಳಿಗೆ ನೋಡಿ, “ಯಾ ಅಲ್ಲಾ, ಇಷ್ಟು ಮುದುಕ ಆಗ್ಯಾರಲ್ಲ ಇವರು,” ಎಂದರು. ಆ ಮನುಷ್ಯ ಗಡ್ಡ ಸವರಿಕೊಂಡು, “ನಿನಗ ಕನ್ನಡಿ ಇನ್ನಾ ಕೊಟ್ಟಿಲ್ಲ ತಡಿ,” ಎಂದರು. ನರ್ಸ್ ಕೂಡ ನಕ್ಕಳು.

ಆಮೇಲೆ ನನ್ನ ಪಟ್ಟಿ ಬಿಚ್ಚಿದರು.

ಮೊದಲಿಗಿಂತ ಮಬ್ಬಾಗಿತ್ತು. ಕೆಲವು ವಾರ ಹೀಗೆಯೇ ಇರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಕೇಳಿ ತಿಳಿದಿರುವುದು ಬೇರೆ, ಎದುರಿಗೆ ಅತ್ತೆಯ ಮುಖ ಮಸುಕಾಗಿ ಕಾಣುವುದು ಬೇರೆ. ಖಾಜಾಬಿ ತಮ್ಮ ಸಂತೋಷ ಮುಚ್ಚಿಡುವವರಂತೆ ಗೋಡೆಯ ಕಡೆ ಹೊರಳಿ ಮಲಗಿದರು.

ಮನೆಗೆ ಬಂದ ಮೇಲೆ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಕಣ್ಣಿಗೆ ನೀರು ತಾಗುವಂತಿಲ್ಲ. ನೋಡಲು ಬಂದವರೆಲ್ಲ ಈಗ ಸ್ವಚ್ಛ ಕಾಣಸ್ತದೇನು ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಅತ್ತೆಯ ಕಡೆ ನೋಡುತ್ತಿದ್ದರು. ಆಪರೇಷನ್ ಕೆಟ್ಟಿದೆ ಎಂಬುದು ಅತ್ತೆಯ ಮನಸ್ಸಿನಲ್ಲಿ ಗಟ್ಟಿಯಾಗುತ್ತಿರುವುದು ಅವರು ಬಾಗಿಲು ಹಾಕುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದೆ. ಕಣ್ಣಿನ ಮೇಲೆ ಮುಚ್ಚುವ ಪ್ಲಾಸ್ಟಿಕ್ ಶೀಲ್ಡ್ ಇನ್ನೂ ಕಟ್ಟಿರಲಿಲ್ಲ. ವಿಭೂತಿಯ ವಾಸನೆ ಹತ್ತಿರ ಬಂತು. ತಣ್ಣನೆಯ ಒದ್ದೆ ಬೆರಳು ರೆಪ್ಪೆಯ ಮೇಲೆ ಮೆಲ್ಲಗೆ ಹರಿಯಿತು.

ಪಾದೋದಕ.

ಲಿಂಗಕ್ಕೆ ಎರೆದ ನೀರು ಅದು. ಪೂಜೆ ಮುಗಿದ ಮೇಲೆ ಅದನ್ನು ಕಣ್ಣಿಗೆ ಹಚ್ಚಿಕೊಂಡು ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆಯ ನಿತ್ಯದ ಪದ್ಧತಿ. ಕಣ್ಣಿಗೆ ನೀರು ತಾಗಿಸಬಾರದು ಎಂದಾಗ ಅತ್ತೆ ತಲೆಯಾಡಿಸಿದ್ದರು. ಇದು ಅವರ ಲೆಕ್ಕದಲ್ಲಿ ನೀರಾಗಿರಲಿಲ್ಲ.

ಮಧ್ಯಾಹ್ನಕ್ಕೆ ಕಣ್ಣು ಕೆಂಪಾಯಿತು. ಗಂಡನಿಗೆ ಫೋನ್ ಮಾಡಿ ರಾಯಚೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವರು ತಾಯಿಯನ್ನು ಬೈದರು. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದರು. ನಾನು ಬಲಗಣ್ಣಿನಿಂದ ರಸ್ತೆ ನೋಡಿದೆ. ಮುಂದಿನ ಲಾರಿ ಕಾಣುತ್ತಿತ್ತು. ರಸ್ತೆಯ ಅಕ್ಕಪಕ್ಕದ ಗದ್ದೆಗಳಿರಲಿಲ್ಲ. ಇಷ್ಟೇ ಉಳಿದರೆ ಒಲೆಯ ಮುಂದೆ ಹೇಗೆ ಕೂರುವುದು ಎಂದು ಯೋಚಿಸುತ್ತಿದ್ದೆ. ಭಯ ಎಂದು ಹೇಳಲಾರೆ. ಪಾತ್ರೆಗಳನ್ನು ಎಲ್ಲಿ ಎಲ್ಲಿ ಇಡಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಡಾಕ್ಟರ್ ಬಹಳ ಹೊತ್ತು ನೋಡಿದರು. ಇನ್‌ಫೆಕ್ಷನ್ ಆಗಿರಲಿಲ್ಲ, ವಿಭೂತಿಯ ಕಣ ಕೆರೆದಿತ್ತು. ಆ್ಯಂಟಿಬಯಾಟಿಕ್ ಡ್ರಾಪ್ಸ್ ಬರೆದುಕೊಟ್ಟರು. ನೀರು ಹೋಗಲು ಮಾಡಿದ ದಾರಿಯ ಮೇಲೆ, ರೆಪ್ಪೆಯ ಕೆಳಗೆ, ಒಂದು ಸಣ್ಣ ಗುಳ್ಳೆಯಿದೆ, ಅದರ ಪದರ ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳುವು, ಅದರ ಮೂಲಕ ಒಳಗೆ ಏನು ಹೊಕ್ಕರೂ ಕಣ್ಣು ಹೋಗುತ್ತದೆ ಎಂದು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಅತ್ತೆ ಒಂದೇ ಮಾತು ಕೇಳಿದರು.

“ಇದು ಎಷ್ಟು ದಿನದ ತನಕರಿ?”

“ಅವರು ಇರೂತನಾರಿ ಯವ್ವಾ.”

ಈಗ ಮಬ್ಬು ಹೋಗಿದೆ. ಹೊಸ ಫೀಲ್ಡ್ ಟೆಸ್ಟಿನಲ್ಲಿ ಎಡಗಣ್ಣಿನ ಕಪ್ಪು ಮುಂದೆ ಸರಿದಿಲ್ಲ, ಸದ್ಯಕ್ಕೆ. ಈ ಸಲ ಒಮ್ಮೆಯೂ ಗುಂಡಿಯನ್ನು ಅಂದಾಜಿನ ಮೇಲೆ ಒತ್ತಲಿಲ್ಲ. ಕುರ್ಡಿಯಲ್ಲಿರುವ ತಮ್ಮನಿಗೂ ಕಣ್ಣು ತೋರಿಸಲು ಹೇಳಿದ್ದೇನೆ. ಬೆಳಿಗ್ಗೆ ಲಿಂಗ ಹಿಡಿದಾಗ ಬೆರಳುಗಳೆಲ್ಲ ಕಾಣುತ್ತವೆ. ಎಡಗಣ್ಣು ಮುಚ್ಚಿ ನೋಡುವುದನ್ನು ಬಿಟ್ಟಿದ್ದೇನೆ.

ಪೂಜೆ ಮುಗಿದ ಮೇಲೆ ನಾನು ಪಾದೋದಕವನ್ನು ಬಾಯಿಗಷ್ಟೇ ಹಾಕಿಕೊಳ್ಳುತ್ತೇನೆ. ಪಕ್ಕದಲ್ಲಿ ಅತ್ತೆ ಬೆರಳು ಅದ್ದಿ ತಮ್ಮ ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ. ಮತ್ತೆ ಅದ್ದಿ ಇನ್ನೊಂದು ಸಲ ಹಚ್ಚಿಕೊಳ್ಳುತ್ತಾರೆ. ಮೊದಲ ದಿನ ನಾನು ನೋಡುತ್ತಿರುವುದು ಕಂಡು ಹೇಳಿದರು:

“ಇದು ನಿಂದು.”